ಹೊಸದೆಂದು ಕೊಂಡ ಗ್ಲಾಕ್ 19 ಒಳಗೆ ಮಸಿ: ಇದು ನಿಜಕ್ಕೂ ಬಳಸದ ಪಿಸ್ತೂಲೇ?

ತುಂಗಾತೀರ (ಆಸ್ಟಿನ್, ಟೆಕ್ಸಸ್)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಅಂಗಡಿಯೊಂದರಲ್ಲಿ ಗ್ಲಾಕ್ 19 ಜೆನ್ 5 (ಐದನೇ ಪೀಳಿಗೆಯ) ಪಿಸ್ತೂಲು ತೆಗೆದುಕೊಂಡೆ. ಬಿಲ್ಲಿನಲ್ಲಿ "ಹೊಸದು" ಅಂತ ಸ್ಪಷ್ಟವಾಗಿ ಬರೆದಿದ್ದಾರೆ, ಬೆಲೆಯೂ ಹೊಸದರದ್ದೇ. ಇನ್ನೂ ರೇಂಜಿಗೆ (ಗುಂಡು ಹಾರಿಸುವ ಜಾಗ) ಒಯ್ದಿಲ್ಲ. ಎಣ್ಣೆ ಹಾಕೋಣವೆಂದು ಬಿಚ್ಚಿದಾಗ ಕಂಡದ್ದು ಇಷ್ಟು:

ಬ್ರೀಚ್ ಫೇಸ್ (ತೋಟಾದ ಹಿಂಭಾಗ ಒರಗುವ ಒಳಮುಖ) ಮೇಲೆ, ಸ್ಟ್ರೈಕರ್ (ತೋಟಾಗೆ ಬಡಿಯುವ ಸೂಜಿ) ತೂತಿನ ಸುತ್ತ ತೆಳುವಾದ ಮಸಿ. ಬ್ಯಾರೆಲ್‌ಗೆ (ನಳಿಕೆ) ಬಿಳಿ ಪ್ಯಾಚ್ (ಬಟ್ಟೆ ಚೂರು) ಹಾಕಿ ಎಳೆದರೆ ಬೂದು ಬಣ್ಣ ಬರುತ್ತದೆ. ಸ್ಲೈಡಿನ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಹಳಿಗಳ ಹತ್ತಿರ ತಾಮ್ರದ ಪುಡಿ ಕಲಸಿದಂಥ ಜಿಡ್ಡು. ಬ್ಯಾರೆಲ್ ಹುಡ್‌ನ (ನಳಿಕೆಯ ಹಿಂತುದಿಯ ಮೇಲ್ಭಾಗ) ಮೇಲ್ಗಡೆ ಅಡ್ಡಕ್ಕೆ ಒಂದು ಹೊಳೆಯುವ ಗೆರೆ. ಪೆಟ್ಟಿಗೆಯಲ್ಲಿ ಖಾಲಿ ತೋಟಾಗಳ ಲಕೋಟೆ ಇರಬೇಕು ಅಂತ ಎಲ್ಲೋ ಓದಿದ್ದೆ, ಅದೂ ಇಲ್ಲ.

ಯಾರೋ ಬಳಸಿ ವಾಪಸ್ ಕೊಟ್ಟದ್ದನ್ನು ಒರೆಸಿ ನನಗೆ ಮಾರಿದ್ದಾರೆಯೇ? ಖಚಿತ ಮಾಡಿಕೊಳ್ಳಲು ಎಲ್ಲೆಲ್ಲಿ ನೋಡಬೇಕು? ಅಂಗಡಿಗೆ ಹೋಗಿ ಕೇಳುವ ಮೊದಲು ಕೈಯಲ್ಲಿ ಏನಾದರೂ ಗಟ್ಟಿ ಆಧಾರ ಇರಲಿ ಅಂತ ಕೇಳುತ್ತಿದ್ದೇನೆ.

ಉಕ್ಕು_ಎಣ್ಣೆ

ತಪಾಸಣೆಗೆ ಕೂರುವ ಮುನ್ನ ಒಂದು ಮಾತು. ಗ್ಲಾಕ್ ಬಿಚ್ಚಬೇಕಾದರೆ ಟ್ರಿಗರ್ ಒತ್ತಲೇಬೇಕು. ಹಾಗಾಗಿ ನೀವು ಬಿಚ್ಚುವ ಕೋಣೆಯಲ್ಲಿ ಒಂದೇ ಒಂದು ತೋಟಾ ಕೂಡ ಇರಬಾರದು. ಮೊದಲು ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ ಪೂರ್ತಿ ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರನ್ನು (ಬ್ಯಾರೆಲ್ಲಿನ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಈ ಕ್ರಮ ಹಿಂದುಮುಂದಾದರೆ ಚೇಂಬರಿನ ತೋಟಾ ಹೊರಗೆ ಬಿದ್ದ ಮರುಕ್ಷಣವೇ ಮ್ಯಾಗಜಿನ್ನಿನಿಂದ ಇನ್ನೊಂದು ಒಳಗೆ ಕೂರುತ್ತದೆ. ಬಿಚ್ಚುವಾಗ ಗುಂಡು ಹಾರಿದ ಬಹಳಷ್ಟು ಅವಘಡಗಳ ಮೂಲ ಇದೇ. "ಹೊಸದಲ್ಲವೇ, ಖಾಲಿಯೇ ಇರುತ್ತೆ" ಅಂತ ಯಾವತ್ತೂ ಅಂದುಕೊಳ್ಳಬೇಡಿ.

ಈಗ ನಿಮ್ಮ ಪಟ್ಟಿಗೆ ಬರೋಣ. ಅದರಲ್ಲಿ ಅರ್ಧಕ್ಕರ್ಧ ಯಾವ ಹೊಸ ಗ್ಲಾಕ್‌ನಲ್ಲೂ ಕಾಣುವಂಥದ್ದೇ.

ಮಸಿ: ಕಾರ್ಖಾನೆಯಿಂದ ಹೊರಡುವ ಮೊದಲೇ ಪಿಸ್ತೂಲಿನಿಂದ ಪರೀಕ್ಷೆಯ ಗುಂಡು ಹಾರಿಸಿರುತ್ತಾರೆ. ಆಸ್ಟ್ರಿಯಾ, ಜರ್ಮನಿ, ಇಟಲಿ, ಝೆಕ್ ಗಣರಾಜ್ಯ ಮುಂತಾದ ಸಿಐಪಿ (ಬಂದೂಕು ಪರೀಕ್ಷೆಯ ಅಂತರರಾಷ್ಟ್ರೀಯ ಸಂಸ್ಥೆ) ಒಪ್ಪಂದದ ದೇಶಗಳಲ್ಲಿ ಇದು ಕಾನೂನಿನ ಕಡ್ಡಾಯ. ಪಿಸ್ತೂಲಿನ ತೋಟಾಗೆ ನಿಗದಿಯಾದ ಗರಿಷ್ಠ ಒತ್ತಡಕ್ಕಿಂತ ಶೇ 30ರಷ್ಟು ಹೆಚ್ಚಿನ ಒತ್ತಡದ ತೋಟಾ ಹಾರಿಸಿ, ತಡೆದುಕೊಂಡರೆ ಮಾತ್ರ ಪ್ರೂಫ್ ಮುದ್ರೆ ಒತ್ತುತ್ತಾರೆ. ನಿಮ್ಮ 9×19 (9 ಎಂಎಂ) ತೋಟಾಗೆ ಗರಿಷ್ಠ 2350 ಬಾರ್, ಪ್ರೂಫ್‌ಗೆ ಸುಮಾರು 3055 ಬಾರ್. ಅಮೆರಿಕದಲ್ಲಿ ಅಂಥ ಕಾನೂನಿಲ್ಲ, ಆದರೂ ತಯಾರಕರು ತಾವಾಗಿಯೇ ಪರೀಕ್ಷೆ ಮಾಡುತ್ತಾರೆ. ಪರೀಕ್ಷೆ ಆದ ಮೇಲೆ ಕೂತು ಉಜ್ಜಿ ತೊಳೆಯುವುದಿಲ್ಲ. ತುಕ್ಕು ಹಿಡಿಯದ ಎಣ್ಣೆ ಹಾಕಿ ಪೆಟ್ಟಿಗೆಗೆ ಸೇರಿಸುತ್ತಾರೆ. ಬ್ರೀಚ್ ಫೇಸ್ ಮೇಲಿನ ತೆಳು ಮಸಿ, ಪ್ಯಾಚಿನ ಬೂದು ಬಣ್ಣ ಎರಡಕ್ಕೂ ಇಷ್ಟೇ ಸಾಕು.

ತಾಮ್ರದ ಜಿಡ್ಡು: ಅದು ಗುಂಡಿನ ಲೋಹವಲ್ಲ. ಗ್ಲಾಕ್‌ನವರೇ ಸ್ಲೈಡಿನ ಹಳಿಗಳಿಗೆ ಹಚ್ಚಿ ಕಳಿಸುವ ಗ್ರೀಸ್. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಅದನ್ನು ಒರೆಸಬೇಡಿ ಅಂತ ಅವರ ಕೈಪಿಡಿಯಲ್ಲೇ ಇದೆ. ನಿಮ್ಮ ಪಾಲಿಗೆ ಇದು ಒಳ್ಳೆಯ ಸುದ್ದಿ. ಬಳಸಿದ ಪಿಸ್ತೂಲನ್ನು ಸಾಲ್ವೆಂಟ್ ಹಾಕಿ ಚೆನ್ನಾಗಿ ತೊಳೆದಿದ್ದರೆ ಮೊದಲು ಹೋಗುತ್ತಿದ್ದುದೇ ಈ ಗ್ರೀಸ್. ಆದರೆ ಅದು ಹೇಗೆ ಕೂತಿದೆ ಅಂತ ನೋಡಿ. ಕಾರ್ಖಾನೆಯಲ್ಲಿ ಹಚ್ಚಿದ್ದು ದಪ್ಪಗೆ, ಗಡ್ಡೆಗಡ್ಡೆಯಾಗಿ ಇರುತ್ತದೆ. ಸ್ಲೈಡ್ ನೂರಾರು ಸಲ ಓಡಾಡಿದ್ದರೆ ತೆಳುವಾಗಿ ಉದ್ದಕ್ಕೂ ಹರಡಿ, ಅಂಚಿನಲ್ಲಿ ಕಪ್ಪಾಗಿರುತ್ತದೆ.

ಲಕೋಟೆ: ಮೇರಿಲ್ಯಾಂಡ್ 2000ರಲ್ಲಿ, ನ್ಯೂಯಾರ್ಕ್ 2001ರಲ್ಲಿ, ಮಾರಾಟವಾಗುವ ಪ್ರತಿ ಹೊಸ ಕೈಬಂದೂಕಿನ ಜೊತೆ ಅದರಿಂದಲೇ ಹಾರಿಸಿದ ತೋಟಾದ ಖಾಲಿ ಕೋಶವನ್ನು ಪೊಲೀಸ್ ದಾಖಲೆಗೆ ಕೊಡಬೇಕೆಂಬ ನಿಯಮ ತಂದವು. ಯಾವ ಪೆಟ್ಟಿಗೆ ಯಾವ ರಾಜ್ಯಕ್ಕೆ ಹೋಗುತ್ತದೆಂದು ಕಾರ್ಖಾನೆಗೆ ಗೊತ್ತಿರುವುದಿಲ್ಲವಾದ್ದರಿಂದ ಎಲ್ಲದಕ್ಕೂ ಲಕೋಟೆ ಹಾಕುವ ರೂಢಿ ಬಂತು. ನ್ಯೂಯಾರ್ಕ್ 2012ರಲ್ಲಿ, ಮೇರಿಲ್ಯಾಂಡ್ 2015ರಲ್ಲಿ ಅದನ್ನು ಕೈಬಿಟ್ಟವು. ಈಗ ಕೆಲವು ಪೆಟ್ಟಿಗೆಯಲ್ಲಿ ಬರುತ್ತದೆ, ಕೆಲವದರಲ್ಲಿ ಇಲ್ಲ. ಇಲ್ಲದಿದ್ದರೆ ಅನುಮಾನ ಪಡಬೇಕಿಲ್ಲ. ಇದ್ದು, ಅದರ ಮೇಲಿನ ಸೀರಿಯಲ್ ನಂಬರ್ ನಿಮ್ಮ ಪಿಸ್ತೂಲಿನದಲ್ಲದಿದ್ದರೆ ಮಾತ್ರ ಪೆಟ್ಟಿಗೆ ಅದಲುಬದಲಾಗಿದೆ ಎಂದರ್ಥ.

ಉಳಿದದ್ದು ಹುಡ್ ಮೇಲಿನ ಗೆರೆ. ಅದನ್ನು ಓದುವುದಕ್ಕೆ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಪಿಸ್ತೂಲಿನ ಮೇಲೆ ಎರಡು ಬೇರೆ ಬೇರೆ ಬಗೆಯ ಗುರುತು ಬೀಳುತ್ತವೆ: ಗುಂಡು ಹಾರಿದ್ದರ ಮಸಿ, ಲೋಹ ಲೋಹಕ್ಕೆ ಉಜ್ಜಿದ್ದರ ಸವೆತ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರಬೇಕೆಂದಿಲ್ಲ. ತುಸು ಮಸಿ ಇದ್ದು ಸವೆತ ಇಲ್ಲದಿದ್ದರೆ ಕಾರ್ಖಾನೆಯ ಪರೀಕ್ಷೆ. ಸವೆತ ಇದ್ದು ಮೂಲೆಗಳಲ್ಲಿ ಮಸಿ ಇಲ್ಲದಿದ್ದರೆ ಅಂಗಡಿಯ ಗಾಜಿನ ಕೌಂಟರಿನಲ್ಲಿ ಇಟ್ಟು, ಬಂದವರೆಲ್ಲ ಸ್ಲೈಡ್ ಎಳೆದು ಟ್ರಿಗರ್ ಒತ್ತಿ ನೋಡಿದ ಪ್ರದರ್ಶನದ ತುಂಡು. ಸವೆತವೂ ಇದ್ದು ಮೂಲೆಮೂಲೆಯಲ್ಲಿ ಮಸಿಯೂ ಇದ್ದರೆ ಬಳಸಿದ್ದು. ನಿಮ್ಮದು ಇವುಗಳಲ್ಲಿ ಯಾವುದು ಅನ್ನೋದಕ್ಕೆ ಇನ್ನೂ ಕೆಲವು ಜಾಗ ನೋಡಬೇಕು. ಬ್ರೀಚ್ ಫೇಸ್ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ.

ಗುರಿಪಟ

ಮೇಲಿನವರು ಹೇಳಿದ "ಮೂಲೆಗಳು" ಯಾವುವು ಅಂತ ಬರೆಯುತ್ತೇನೆ. ಬಳಸಿ ತೊಳೆದು ವಾಪಸ್ ಕೊಡುವವರು ಬ್ಯಾರೆಲ್, ಬ್ರೀಚ್ ಫೇಸ್, ಫ್ರೇಮಿನ ಒಳಗೆ ಕಣ್ಣಿಗೆ ಬೀಳುವ ಜಾಗ, ಇಷ್ಟನ್ನು ಒರೆಸಿರುತ್ತಾರೆ. ಅವರ ಬಟ್ಟೆ ತಲುಪದ ಜಾಗದಲ್ಲಿ ಸತ್ಯ ಇರುತ್ತದೆ. ಬೇಕಾಗುವ ಸಾಮಾನು: ಚಿಕ್ಕ ಎಲ್ಇಡಿ ಟಾರ್ಚ್, ಕಿವಿಗೆ ಹಾಕುವ ಹತ್ತಿ ಕಡ್ಡಿ ಏಳೆಂಟು, ಮರದ ಟೂತ್‌ಪಿಕ್, 9 ಎಂಎಂ ಅಳತೆಯ ಬಿಳಿ ಹತ್ತಿ ಪ್ಯಾಚ್, ಸಾಧ್ಯವಾದರೆ ಒಂದು ಭೂತಗನ್ನಡಿ.

ಎಕ್ಸ್‌ಟ್ರಾಕ್ಟರಿನ (ಖಾಲಿ ಕೋಶ ಹೊರಗೆಳೆಯುವ ಭಾಗ) ಕೊಕ್ಕೆಯ ಒಳಗಡೆ. ಇದೇ ಎಲ್ಲಕ್ಕಿಂತ ಮುಖ್ಯ. ಸ್ಲೈಡನ್ನು ತಲೆಕೆಳಗು ಹಿಡಿದು, ಕೊಕ್ಕೆ ಮತ್ತು ಬ್ರೀಚ್ ಫೇಸ್ ನಡುವಿನ ಸಂದಿಗೆ ಟೂತ್‌ಪಿಕ್ಕಿನ ತುದಿ ಹಾಕಿ ಕೆದಕಿ. ಪ್ರತಿ ಗುಂಡಿಗೂ ಇಲ್ಲಿ ಮಸಿಯ ಜೊತೆ ಹಿತ್ತಾಳೆಯ ಸಣ್ಣ ಸಿಪ್ಪೆ ಸಿಕ್ಕಿಕೊಳ್ಳುತ್ತದೆ, ಅದು ಒತ್ತಿ ಒತ್ತಿ ಗಟ್ಟಿ ಪದರವಾಗುತ್ತದೆ. ನಾಲ್ಕಾರು ಗುಂಡಿಗೆ ಟೂತ್‌ಪಿಕ್ ತುದಿ ಸ್ವಲ್ಪ ಕಪ್ಪಾಗಬಹುದು, ಅಷ್ಟೇ. ಒಣಗಿದ ಕಪ್ಪು ಚೂರು ಎದ್ದು ಬಂದರೆ, ಅದರಲ್ಲಿ ಹಿತ್ತಾಳೆಯ ಮಿನುಗು ಕಂಡರೆ, ಅದು ಕಾರ್ಖಾನೆಯ ಪರೀಕ್ಷೆಯಿಂದ ಬಂದದ್ದಲ್ಲ.

ಮ್ಯಾಗಜಿನ್. ಹೆಚ್ಚಿನವರು ಇದನ್ನು ಮರೆತೇಬಿಡುತ್ತಾರೆ, ಮಾರುವವರೂ ಸಹ. ತುಟಿಗಳ ಒಳ ಅಂಚಿನಲ್ಲಿ ಹಿತ್ತಾಳೆ ಉಜ್ಜಿದ ಹಳದಿ ಗೆರೆ ಇದೆಯೇ ನೋಡಿ. ತಳದ ಪ್ಲೇಟ್ ಜಾರಿಸಿ ಸ್ಪ್ರಿಂಗ್ ಹೊರತೆಗೆದು (ಹೆಬ್ಬೆರಳು ಅಡ್ಡ ಹಿಡಿಯಿರಿ, ಇಲ್ಲದಿದ್ದರೆ ಸ್ಪ್ರಿಂಗ್ ಸಿಡಿಯುತ್ತದೆ) ಒಳಗೋಡೆಗೆ ಟಾರ್ಚ್ ಬಿಡಿ. ತೋಟಾ ತುಂಬಿ ಗುಂಡು ಹಾರಿಸಿದ್ದರೆ, ಪ್ರತಿ ಹೊಡೆತದ ಝಟಕಿಗೆ ಒಳಗಿನ ತೋಟಾಗಳ ಮೂತಿ ಮುಂದಿನ ಗೋಡೆಗೆ ತಾಗಿ ಸಣ್ಣ ಸಣ್ಣ ಅಡ್ಡ ಗುರುತು ಮಾಡಿರುತ್ತವೆ. ಫಾಲೋವರಿನ (ತೋಟಾಗಳನ್ನು ಮೇಲಕ್ಕೆ ತಳ್ಳುವ ತುಂಡು) ಮೇಲೂ ಮಸಿ ಇರುತ್ತದೆ. ಪೆಟ್ಟಿಗೆಯಲ್ಲಿ ಬಂದ ಮ್ಯಾಗಜಿನ್ ಎಲ್ಲವನ್ನೂ ನೋಡಿ. ಒಂದು ಮಾತ್ರ ಮಾಸಿದ್ದು ಉಳಿದವು ಕೈಯೇ ಹಚ್ಚದಂತಿದ್ದರೆ ಅದೂ ಒಂದು ಸುಳಿವು.

ಫೀಡ್ ರ‍್ಯಾಂಪ್. ಬ್ಯಾರೆಲ್ಲಿನ ಹಿಂಬದಿಯ ಕೆಳಗಿನ ಇಳಿಜಾರು. ತೋಟಾ ಹತ್ತಿ ಹೋದಲ್ಲೆಲ್ಲ ತಾಮ್ರದ ಗೆರೆ ಬೀಳುತ್ತದೆ. ಒಂದೆರಡು ಗೆರೆ ಪರೀಕ್ಷೆಯದ್ದು. ಮಧ್ಯದಲ್ಲಿ ಒಂದು ಪಟ್ಟಿಯಂತೆ ಮಂಕಾಗಿದ್ದರೆ ಹಾದುಹೋದ ತೋಟಾಗಳ ಸಂಖ್ಯೆ ಜಾಸ್ತಿಯೇ ಇದೆ.

ಬ್ಯಾರೆಲ್ಲಿನ ಹೊರಮೈ. ಸ್ಲೈಡ್ ಹಿಂದಕ್ಕೆ ಹೋಗುವಾಗ ಬ್ಯಾರೆಲ್ಲಿನ ಹಿಂಭಾಗ ಕೆಳಕ್ಕೆ ಬಾಗುತ್ತದೆ, ಮೂತಿ ಸ್ಲೈಡಿನ ಮುಂದಿನ ತೂತಿನಲ್ಲಿ ಉಜ್ಜುತ್ತದೆ. ಹಾಗಾಗಿ ಸವೆತ ಮೂರು ಕಡೆ ಬೀಳುತ್ತದೆ: ಹುಡ್‌ನ ಮೇಲ್ಭಾಗದ ಮುಂದಿನ ಅಂಚು, ಹುಡ್‌ನ ಅಕ್ಕಪಕ್ಕ, ಮೂತಿಯ ಹತ್ತಿರ ಬಿಲ್ಲಿನಾಕಾರದ ಗುರುತು. ಕೈಯಲ್ಲಿ ಸ್ಲೈಡ್ ಎಳೆದರೂ ಇವೇ ಮೂರು ಕಡೆ ಗೆರೆ ಬರುತ್ತದೆ. ಜಾಗ ನೋಡಿ ಗುಂಡು ಹಾರಿದೆ ಅನ್ನಲು ಬರುವುದಿಲ್ಲ. ಜೆನ್ 5ರ ಮೇಲ್ಪದರ ಬಹಳ ಗಟ್ಟಿ, ಬೇಗ ಕಿತ್ತು ಹೋಗುವಂಥದ್ದಲ್ಲ. ನಿಮಗೆ ಕಾಣುತ್ತಿರುವುದು ಬಹುಶಃ ಪದರದ ಮೇಲೆ ಮೂಡಿದ ಹೊಳಪು. ಉಗುರು ಆಡಿಸಿ ನೋಡಿ: ಅಂಚು ಸಿಗದಿದ್ದರೆ ಬರೀ ಹೊಳಪು. ಕೆಳಗಿನ ಬಿಳಿ ಉಕ್ಕು ಕಂಡರೆ ಪದರ ಸವೆದಿದೆ, ಅದಕ್ಕೆ ತುಂಬಾ ಬಳಕೆ ಬೇಕು.

ಸ್ಲೈಡಿನ ಮುಂದಿನ ತೂತಿನ ಒಳ ಉಂಗುರ. ಬ್ಯಾರೆಲ್ ಹೊರಬರುವ ಆ ಉಂಗುರದ ಒಳಭಾಗಕ್ಕೂ ಅದರ ಕೆಳಗೆ ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು ಮುಂದಕ್ಕೆ ತಳ್ಳುವುದು) ಕೂರುವ ಜಾಗಕ್ಕೂ ಹತ್ತಿ ಕಡ್ಡಿ ತಿರುಗಿಸಿ. ಮೂತಿಯಿಂದ ಹಿಂದಕ್ಕೆ ಬಡಿಯುವ ಹೊಗೆ ಇಲ್ಲಿ ಪುಡಿಯಾಗಿ ನಿಲ್ಲುತ್ತದೆ, ಇಲ್ಲಿ ಯಾರೂ ಒರೆಸುವುದಿಲ್ಲ.

ಕಪ್ಪು ಬಂತು ಅಂದ ತಕ್ಷಣ ಮಸಿ ಅಂತ ತಿಳಿಯಬೇಡಿ. ಹಳೆಯ ಎಣ್ಣೆ ಬಟ್ಟೆಯ ಮೇಲೆ ಕಂದು ಅಥವಾ ಹಳದಿಯಾಗಿ ಹರಡುತ್ತದೆ, ನುಣ್ಣಗಿರುತ್ತದೆ. ಸಿಡಿಮದ್ದಿನ ಮಸಿ ಒಣಪುಡಿ. ಬೆರಳಿನ ಗೆರೆಗಳೊಳಗೆ ಕೂರುತ್ತದೆ, ತಿಕ್ಕಿದರೆ ಸಣ್ಣಗೆ ಚರಚರ ಅನ್ನುತ್ತದೆ. ಆ ಪುಡಿಯಲ್ಲಿ ಸೀಸ ಇರುತ್ತದೆ. ಕೆಲಸ ಮುಗಿದ ಮೇಲೆ ತಣ್ಣೀರು ಮತ್ತು ಸೋಪಿನಲ್ಲಿ ಕೈ ತೊಳೆಯಿರಿ, ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಹತ್ತಿ ಕಡ್ಡಿಗಳನ್ನು ಮಕ್ಕಳ ಕೈಗೆ ಸಿಗದಂತೆ ಬಿಸಾಡಿ.

ಉಕ್ಕು_ಎಣ್ಣೆ

ಗುರಿಪಟ ಅವರು ಹೇಳಿದ್ದಕ್ಕೆ ಬ್ಯಾರೆಲ್ಲಿನ ಒಳಭಾಗದ ಬಗ್ಗೆ ಸೇರಿಸುತ್ತೇನೆ, ಯಾಕಂದರೆ ಇಲ್ಲಿ ಜನ ತಪ್ಪು ತೀರ್ಮಾನಕ್ಕೆ ಬರುವುದು ಜಾಸ್ತಿ.

ಅಮೋನಿಯಾ ಇರುವ ಸಾಲ್ವೆಂಟ್ ಹಾಕಿದರೆ ಒಳಗಿನ ತಾಮ್ರ ಕರಗಿ ಪ್ಯಾಚ್ ನೀಲಿ ಅಥವಾ ಹಸಿರಾಗುತ್ತದೆ. ಅದನ್ನು ನೋಡಿ "ಸಾವಿರ ಗುಂಡು ಹಾರಿದೆ" ಅಂತ ಗಾಬರಿಯಾಗುವವರಿದ್ದಾರೆ. ಕಾರ್ಖಾನೆಯ ಪರೀಕ್ಷೆಯ ಗುಂಡಿಗೂ ತಾಮ್ರದ ಕವಚ ಇರುತ್ತದೆ; ತಿಳಿ ನೀಲಿ ಬಂದೇ ಬರುತ್ತದೆ. ಇನ್ನೊಂದು, ಕಂಚಿನ ಬ್ರಶ್ ಅಥವಾ ಹಿತ್ತಾಳೆಯ ಜ್ಯಾಗ್ (ಪ್ಯಾಚ್ ತಳ್ಳುವ ತುದಿ) ಬಳಸಿದರೆ ಸಾಲ್ವೆಂಟ್ ಅವನ್ನೇ ಕರಗಿಸಿ ನೀಲಿ ತೋರಿಸುತ್ತದೆ, ಪಿಸ್ತೂಲಿನ ತಪ್ಪೇನೂ ಇರುವುದಿಲ್ಲ. ಈ ಪರೀಕ್ಷೆಗೆ ನೈಲಾನ್ ಬ್ರಶ್ ಮತ್ತು ಪ್ಲಾಸ್ಟಿಕ್ ಜ್ಯಾಗ್ ಮಾತ್ರ.

ಕ್ರಮ ಹೀಗಿರಲಿ: ಚೇಂಬರ್ ಕಡೆಯಿಂದ ಒಂದು ಒಣ ಪ್ಯಾಚ್. ಆಮೇಲೆ ಸಾಲ್ವೆಂಟಿನಲ್ಲಿ ನೆನೆಸಿದ ಪ್ಯಾಚ್ ಹಾಕಿ, ಬಾಟಲಿಯ ಮೇಲೆ ಬರೆದಷ್ಟೇ ಹೊತ್ತು ಬಿಟ್ಟು (ಗಟ್ಟಿ ಅಮೋನಿಯಾ ಇರುವುದನ್ನು ಅದಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ) ಮತ್ತೆ ಒಣ ಪ್ಯಾಚ್. ಹೀಗೆ ಎರಡು ಸುತ್ತಿನಲ್ಲಿ ಪ್ಯಾಚ್ ಬಿಳಿಯಾಗಿ ಬಂದರೆ ಕೆಲವೇ ಗುಂಡು. ಐದಾರು ಸುತ್ತಾದರೂ ಗಾಢ ನೀಲಿ ಬರುತ್ತಲೇ ಇದ್ದರೆ ಪದರ ಕಟ್ಟಿದೆ. ಪ್ಯಾಚ್ ಮೊದಲ ಸಲವೇ ಅಪ್ಪಟ ಬಿಳಿಯಾಗಿ ಬಂದರೆ? ಹೊಸ ಪಿಸ್ತೂಲಿನಲ್ಲಿ ಅದೂ ಯೋಚಿಸಬೇಕಾದದ್ದೇ. ಕಾರ್ಖಾನೆ ಅಷ್ಟು ಶುಚಿ ಮಾಡಿ ಕಳಿಸುವುದಿಲ್ಲ, ಯಾರೋ ತೊಳೆದಿದ್ದಾರೆ.

ಸ್ಟ್ರೈಕರ್ ಹೊರತೆಗೆದು ನೋಡುವ ಅಭ್ಯಾಸ ಇದ್ದರೆ ಅದರ ಕೊಳವೆ ನೋಡಬಹುದು. ಹಿಂಬದಿಯ ಪ್ಲೇಟ್ ಜಾರಿಸುವಾಗ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಆ ಕೊಳವೆಗೆ ಎಣ್ಣೆ ಹಾಕಬಾರದು ಅಂತ ತಯಾರಕರ ಸೂಚನೆ. ಒಳಗೆ ಹಿತ್ತಾಳೆ ಚೂರು, ಕಪ್ಪು ಕೆಸರು ಇದ್ದರೆ ಬಹಳ ಬಳಕೆಯಾಗಿದೆ. ಹೊಳೆಯುವ ಹೊಸ ಎಣ್ಣೆ ಇದ್ದರೆ ಕಾರ್ಖಾನೆ ಬಿಟ್ಟ ಮೇಲೆ ಯಾರೋ ಸುರಿದಿದ್ದಾರೆ. ಅಭ್ಯಾಸ ಇಲ್ಲದಿದ್ದರೆ ಬಿಡಿ, ಎಕ್ಸ್‌ಟ್ರಾಕ್ಟರ್ ಮತ್ತು ಮ್ಯಾಗಜಿನ್ ಎರಡೇ ಸಾಕು.

ಫ್ರೇಮಿನ ಎರಡು ಪಿನ್ನುಗಳ ಸುತ್ತಲೂ ಕಣ್ಣಾಡಿಸಿ. ಪಂಚ್ (ಪಿನ್ ತಳ್ಳುವ ಕಡ್ಡಿ) ಜಾರಿ ಪ್ಲಾಸ್ಟಿಕ್ ಮೇಲೆ ಬಿಳಿ ಗೀರು ಬಿದ್ದಿದ್ದರೆ ಯಾರೋ ಟ್ರಿಗರ್ ಭಾಗ ಬಿಚ್ಚಿದ್ದಾರೆ. ಹಿಂದಿನ ಸೈಟ್ (ಗುರಿ ನೋಡುವ ಗುರುತು) ಪಕ್ಕದ ತೋಡಿನಲ್ಲಿ ತಳ್ಳಿದ ಗುರುತು, ಆಪ್ಟಿಕ್ (ಗುರಿ ನೋಡುವ ಮಸೂರ) ಕೂರಿಸುವ ಮಾದರಿಯಾದರೆ ಮುಚ್ಚಳದ ಸ್ಕ್ರೂ ತಲೆ ಸವೆದದ್ದು, ಇವೂ ಅದೇ ಜಾತಿ. ಇಲ್ಲಿ ಗುಂಡಿನ ಲೆಕ್ಕ ಮುಖ್ಯವಲ್ಲ. ಬಿಚ್ಚಿದವರು ಯಾವ ಭಾಗ ಬದಲಾಯಿಸಿದ್ದಾರೋ ಗೊತ್ತಿಲ್ಲದ ಪಿಸ್ತೂಲನ್ನು ಹಾಗೇ ಇಟ್ಟುಕೊಳ್ಳಬಾರದು. ನನ್ನ ಮಟ್ಟಿಗೆ ನೂರು ಗುಂಡು ಹಾರಿದ್ದಕ್ಕಿಂತ ಇದು ದೊಡ್ಡ ವಿಷಯ.

ಕಾಗದಪತ್ರ

ಲೋಹ ಸಾಕಷ್ಟಾಯಿತು, ಕಾಗದವನ್ನೂ ನೋಡಿ.

ಗ್ಲಾಕ್‌ನಲ್ಲಿ ಸೀರಿಯಲ್ ನಂಬರ್ ಮೂರು ಕಡೆ ಇರುತ್ತದೆ: ಸ್ಲೈಡ್, ಬ್ಯಾರೆಲ್, ಫ್ರೇಮಿನ ಕೆಳಗಿನ ಉಕ್ಕಿನ ಪಟ್ಟಿ. ಮೂರೂ ಒಂದೇ ಆಗಿರಬೇಕು, ಪೆಟ್ಟಿಗೆಯ ಬದಿಯ ಚೀಟಿಯಲ್ಲಿರುವುದಕ್ಕೂ ಹೊಂದಬೇಕು. ಬ್ಯಾರೆಲ್ ಒಂದೇ ಬೇರೆಯಾದರೆ ಅದು ಬದಲಾದದ್ದು, ಆ ಮಾತಿಗೆ ಎರಡನೇ ಅರ್ಥವಿಲ್ಲ.

ಪೆಟ್ಟಿಗೆಯೊಳಗಿನ ಸಾಮಾನು ಎಣಿಸಿ. ಹಿಡಿಕೆಗೆ ಹಾಕುವ ಬ್ಯಾಕ್‌ಸ್ಟ್ರ್ಯಾಪ್‌ಗಳು ಮತ್ತು ಅವುಗಳ ಉದ್ದ ಪಿನ್, ಮ್ಯಾಗಜಿನ್ ಲೋಡರ್, ಕ್ಲೀನಿಂಗ್ ರಾಡ್, ಬ್ರಶ್, ಕೇಬಲ್ ಬೀಗ, ಕೈಪಿಡಿ. ಬ್ಯಾಕ್‌ಸ್ಟ್ರ್ಯಾಪಿನ ಚೀಲ ಒಡೆದಿದೆಯೇ, ಬ್ರಶ್ಶಿನ ಎಳೆಗಳು ಕಪ್ಪಾಗಿವೆಯೇ? ಮ್ಯಾಗಜಿನ್ ಒಂದು ಕಮ್ಮಿ ಇದ್ದರೆ ಕೇಳಲೇಬೇಕು.

ವಯಸ್ಸು ತಿಳಿಯಲು ಬೇರೆ ಬ್ರ್ಯಾಂಡುಗಳಲ್ಲಿ ಸುಲಭದ ದಾರಿ ಇದೆ. ಜರ್ಮನಿಯ ಎಚ್‌ಕೆ, ವಾಲ್ಥರ್‌ಗಳ ಮೇಲೆ ಪ್ರೂಫ್ ಮುದ್ರೆಯ ಪಕ್ಕ ಎರಡು ಅಕ್ಷರ ಇರುತ್ತದೆ. ಎ ಅಂದರೆ 0, ಬಿ ಅಂದರೆ 1, ಹೀಗೆ ಐ ಅಂದರೆ 8. ಜೆ ಬಿಟ್ಟು ಕೆ ಅಂದರೆ 9. "ಬಿಕೆ" ಇದ್ದರೆ 2019, "ಸಿಬಿ" ಇದ್ದರೆ 2021. ಝೆಕ್‌ನ ಸಿಝಡ್ ಪಿಸ್ತೂಲುಗಳಲ್ಲಿ ಮುದ್ರೆಯ ಪಕ್ಕವೇ ವರ್ಷದ ಕೊನೆಯ ಎರಡು ಅಂಕಿ ಇರುತ್ತದೆ. ರೂಗರ್‌ನವರ ಜಾಲತಾಣದಲ್ಲಿ ಸೀರಿಯಲ್ ಹಾಕಿದರೆ ಕಾರ್ಖಾನೆ ಬಿಟ್ಟ ದಿನ ಸಿಗುತ್ತದೆ. ಗ್ಲಾಕ್‌ಗಾದರೆ ಗ್ರಾಹಕ ಸೇವೆಗೆ ಸೀರಿಯಲ್ ಕೊಟ್ಟು ಯಾವಾಗ ಹೊರಟಿತೆಂದು ಕೇಳಿ. ಹಳೆಯ ದಿನಾಂಕ ಬಂದರೆ ಬಳಸಿದ್ದು ಅಂತಲ್ಲ, ಗೋದಾಮಿನಲ್ಲಿ ಎರಡು ಮೂರು ವರ್ಷ ಕೂರುವುದು ಸಾಮಾನ್ಯ. ಆದರೆ "ಮೊನ್ನೆ ತಾನೇ ಬಂತು" ಅಂತ ಅಂಗಡಿಯವರು ಹೇಳಿದ್ದರೆ, ಆ ಮಾತು ಈ ದಿನಾಂಕಕ್ಕೆ ಹೊಂದಬೇಕು.

ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇದು ನಿಮಗೆ ಡಿಸ್ಟ್ರಿಬ್ಯೂಟರ್‌ನಿಂದ ಬಂತೇ, ಗ್ರಾಹಕರೊಬ್ಬರಿಂದ ಬಂತೇ? ಲೈಸೆನ್ಸ್ ಇರುವ ಪ್ರತಿ ವ್ಯಾಪಾರಿಯೂ ಪ್ರತಿ ಬಂದೂಕು ಯಾರಿಂದ ಬಂತು, ಯಾರಿಗೆ ಹೋಯಿತು ಅಂತ ಪುಸ್ತಕದಲ್ಲಿ ಬರೆಯಲೇಬೇಕು. ಅದು ಫೆಡರಲ್ ನಿಯಮ. ನಿಮಗೆ ಆ ಪುಸ್ತಕ ತೋರಿಸುವ ಬಾಧ್ಯತೆ ಅವರಿಗಿಲ್ಲ, ಆದರೆ ಉತ್ತರವನ್ನು ಇಮೇಲ್‌ನಲ್ಲಿ ಕೇಳಿದರೆ ಸುಳ್ಳು ಬರೆಯಲು ಹಿಂಜರಿಯುತ್ತಾರೆ.

ಕಾನೂನು ನಿಮ್ಮ ಪರವಾಗಿದೆ. ಟೆಕ್ಸಸ್‌ನ ವಂಚಕ ವ್ಯಾಪಾರ ಪದ್ಧತಿ ತಡೆ ಕಾಯ್ದೆ 1973ರಿಂದ ಇದೆ. ಬಳಸಿದ ಅಥವಾ ಸೆಕೆಂಡ್ ಹ್ಯಾಂಡ್ ವಸ್ತುವನ್ನು ಹೊಸದೆಂದು ಹೇಳಿ ಮಾರುವುದನ್ನು ಅದರ 17.46ನೇ ಕಲಮು ಹೆಸರಿಸಿಯೇ ನಿಷೇಧಿಸುತ್ತದೆ. ಬಿಲ್ಲಿನ ಮೇಲೆ "ಹೊಸದು" ಅಂತ ಇರುವುದು ಅದಕ್ಕೇ ದೊಡ್ಡ ಆಧಾರ, ಅದನ್ನು ಜೋಪಾನ ಮಾಡಿ.

ಮುಂದೆ ಕೊಳ್ಳುವವರಿಗೆ: 4473 ಫಾರ್ಮ್ (ಬಂದೂಕು ಕೊಳ್ಳುವಾಗಿನ ಫೆಡರಲ್ ಅರ್ಜಿ) ತುಂಬಿ ಹೆಸರಿಗೆ ಬಂದ ಮೇಲೆ ಬಹುತೇಕ ಅಂಗಡಿಗಳು ವಾಪಸ್ ತೆಗೆದುಕೊಳ್ಳುವುದಿಲ್ಲ. ಯಾಕಂದರೆ ಆ ಕ್ಷಣದಿಂದ ಅದು ಅವರ ಲೆಕ್ಕದಲ್ಲಿ ಸೆಕೆಂಡ್ ಹ್ಯಾಂಡ್. ಆದ್ದರಿಂದ ತಪಾಸಣೆಯೆಲ್ಲ ಕೌಂಟರಿನಲ್ಲೇ, ಸಹಿ ಹಾಕುವ ಮುಂಚೆ. "ಗಾಜಿನೊಳಗಿನದ್ದು ಬೇಡ, ಒಳಗಿಂದ ಬೇರೆ ಪೆಟ್ಟಿಗೆ ತನ್ನಿ" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಕ್ಯಾಲಿಫೋರ್ನಿಯಾದವರಿಗೆ ಹತ್ತು ದಿನ ಕಾಯುವ ನಿಯಮ ಇರುವುದರಿಂದ, ಮೊದಲ ದಿನವೇ ಸೀರಿಯಲ್ ಬರೆದುಕೊಂಡು, ಕೊನೆಯ ದಿನ ಅದೇ ತುಂಡು ಕೈಗೆ ಬಂತೇ ನೋಡಿ. ನಮ್ಮವರಿಗೆ ಇನ್ನೊಂದು ಎಚ್ಚರಿಕೆ: ಎಚ್1ಬಿಯಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಸ್ನೇಹಿತರ ಹೆಸರಿನಲ್ಲಿ ಕೊಂಡುಕೊಳ್ಳುವ ದಾರಿ ಹಿಡಿಯಲೇಬೇಡಿ, ಅದು ಅಪರಾಧ.

ಬೆಳಗಾವಿ_ಕೋವಿ

ಎಲ್ಲಾರೂ ಪಿಸ್ತೂಲಿನ ಬಗ್ಗೆ ಬರದೀರಿ, ರಿವಾಲ್ವರ್ ತಗೊಳ್ಳೋರಿಗೆ ಎರಡು ಮಾತು ಹೇಳ್ತೀನಿ ನೋಡ್ರಿ. ರಿವಾಲ್ವರಿನ್ಯಾಗ ಸಿಲಿಂಡರಿನ ಮುಂದಿನ ಮುಖಾನೇ ಪುಸ್ತಕ ಇದ್ದಂಗ. ಗುಂಡು ಹಾರಿದ ಪ್ರತಿ ಚೇಂಬರಿನ ಬಾಯಿ ಸುತ್ತ ಕರೀ ಉಂಗುರ ಬೀಳ್ತದ, ಸ್ಟೇನ್‌ಲೆಸ್ ಮ್ಯಾಲೆ ಅದು ತಿಕ್ಕಿದರೂ ಸುಲಭಕ್ಕ ಹೋಗೂದಿಲ್ಲ. ಆರರಾಗ ಎರಡು ಮೂರು ಚೇಂಬರಿಗೆ ಮಾತ್ರ ಉಂಗುರ ಇದ್ರ ಕಾರ್ಖಾನೆ ಪರೀಕ್ಷೆ ಅಂತ ತಿಳೀರಿ. ಆರಕ್ಕೂ ಒಂದೇ ಸಮ ಗಾಢ ಇದ್ರ ವಿಚಾರಿಸ್ರಿ. ಸಿಲಿಂಡರಿನ ಸುತ್ತ ಬೀಳೋ ಗೆರಿ ನೋಡಿ ಅಂಜಬ್ಯಾಡ್ರಿ, ಅದು ಬರೇ ತಿರುಗಿಸಿದ್ರೂ ಬೀಳ್ತದ. ಬ್ಯಾರೆಲ್ಲಿನ ಹಿಂದಿನ ಬಾಯಾಗ ಸೀಸ ಮೆತ್ತೇದೇನು, ಮ್ಯಾಗ್ನಮ್ ಇದ್ರ ಮ್ಯಾಲಿನ ಪಟ್ಟಿ ಒಳಗಡೆ ಬೆಂಕಿ ಕೊರದ ಸಣ್ಣ ಗೆರಿ ಐತೇನು, ಇಷ್ಟು ಸಾಕು.

ಊರಾಗ (ಭಾರತದಾಗ) ಲೈಸೆನ್ಸ್ ಮ್ಯಾಲೆ ತಗೊಳ್ಳೋರ ಕಥಿ ಬ್ಯಾರೆ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ಗುಂಡಿನ ಅಳತಿ), ಸಾಮಾನ್ಯರಿಗೆ ಸಿಗೂದು .32, .22 ಇಂಥವು. ವಿದೇಶಿ ಪಿಸ್ತೂಲಿನ ವ್ಯಾಪಾರಿ ಆಮದು 1980ರ ದಶಕದಾಗ ನಿಂತದ. ಹಿಂಗಾಗಿ ಯಾರಾದ್ರೂ ವಿದೇಶಿ .32 ತೋರಿಸಿ "ಒಂದೂ ಗುಂಡು ಹಾರಿಸಿಲ್ಲ, ಪೆಟ್ಟಿಗಿ ಮಾಲು" ಅಂದ್ರ, ಅದು ಹಳೇ ಮಾಲು ಅನ್ನೋದು ಮೊದಲು ತಲ್ಯಾಗ ಇರಲಿ. ಅಲ್ಲಿ ನೋಡಬೇಕಾದ್ದು ಮಸಿ ಅಲ್ಲ, ಮತ್ತ ಬಣ್ಣ ಏರಿಸ್ಯಾರೇನು ಅನ್ನೋದು. ಹೊಸದಾಗಿ ಬ್ಲೂಯಿಂಗ್ (ಉಕ್ಕಿಗೆ ನೀಲಿ-ಕಪ್ಪು ಬಣ್ಣ ಏರಿಸೋದು) ಮಾಡೋ ಮೊದಲು ತಿಕ್ಕಿ ಪಾಲಿಶ್ ಮಾಡ್ತಾರ, ಆವಾಗ ಕೆತ್ತಿದ ಅಕ್ಷರದ ಅಂಚು ಮೊಂಡ ಆಗ್ತದ, ಸ್ಕ್ರೂ ತೂತಿನ ಸುತ್ತ ತಗ್ಗು ಬೀಳ್ತದ, ಚೂಪು ಇರಬೇಕಾದ ಅಂಚು ದುಂಡಗ ಆಗ್ತದ. ಬಣ್ಣದ ಕೆಳಗ ಹಳೇ ತುಕ್ಕಿನ ಚುಕ್ಕಿ ಹಂಗೇ ಕಾಣ್ತಾವ. ಟಾರ್ಚ್ ನೇರ ಹಿಡೀಬ್ಯಾಡ್ರಿ, ಓರೆ ಹಿಡೀರಿ, ಆವಾಗ ಎಲ್ಲಾ ಎದ್ದು ಕಾಣ್ತದ. ಸೀರಿಯಲ್ ನಂಬರ್ ಮಾಸಿದ್ರ, ಅಥವಾ ಮಾರೋರ ಲೈಸೆನ್ಸಿನ್ಯಾಗ ಇರೋ ನಂಬರಿಗೆ ಒಂದು ಅಂಕಿ ಹೊಂದದಿದ್ರೂ, ಅಲ್ಲಿಂದ ಎದ್ದು ಬರ‍್ರಿ. ಒಬ್ಬರಿಂದ ಒಬ್ಬರಿಗೆ ಮಾರಾಟ ಆದ್ರ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮಾರೋರು 45 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಇಲ್ಲಾ ಹತ್ತಿರದ ಠಾಣೆಗೆ ಲಿಖಿತ ಮಾಹಿತಿ ಕೊಡಬೇಕು. ಅದರ ಸ್ವೀಕೃತಿ ಪ್ರತಿ ನೋಡದ ರೊಕ್ಕ ಕೊಡಬ್ಯಾಡ್ರಿ.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ಹೇಳಿದ ಜಾಗಗಳನ್ನೆಲ್ಲ ನೋಡಿದೆ. ಎಕ್ಸ್‌ಟ್ರಾಕ್ಟರ್ ಒಳಗೆ ಟೂತ್‌ಪಿಕ್ ತುದಿ ಸ್ವಲ್ಪ ಕಪ್ಪಾಯಿತು, ಚೂರು ಬರಲಿಲ್ಲ. ಮೂರು ಮ್ಯಾಗಜಿನ್ನಿನ ಒಳಗೋಡೆಯೂ ಶುಭ್ರ, ತುಟಿಯಲ್ಲಿ ಹಿತ್ತಾಳೆ ಗೆರೆ ಇಲ್ಲ. ನೈಲಾನ್ ಬ್ರಶ್‌ನಲ್ಲಿ ಎರಡನೇ ಸುತ್ತಿಗೆ ಪ್ಯಾಚ್ ಬಿಳಿ. ಮೂರೂ ನಂಬರ್ ಪೆಟ್ಟಿಗೆಗೆ ಹೊಂದುತ್ತವೆ. ಆದರೆ ತಾಮ್ರದ ಗ್ರೀಸ್ ತೆಳುವಾಗಿ ಉದ್ದಕ್ಕೂ ಹರಡಿದೆ, ಹುಡ್ ಮತ್ತು ಮೂತಿ ಎರಡೂ ಕಡೆ ಹೊಳಪಿದೆ (ಉಗುರಿಗೆ ಅಂಚು ಸಿಗುವುದಿಲ್ಲ), ಬ್ಯಾಕ್‌ಸ್ಟ್ರ್ಯಾಪಿನ ಚೀಲ ಒಡೆದಿದೆ. ಪಿನ್ನುಗಳ ಸುತ್ತ ಗೀರಿಲ್ಲ.

ಉಕ್ಕು_ಎಣ್ಣೆ

ಹಾಗಾದರೆ ಪ್ರದರ್ಶನದ ತುಂಡು. ರೇಂಜಿಗೆ ಹೋಗಿಲ್ಲ, ಕೌಂಟರಿನಲ್ಲಿ ಬಹಳ ಜನ ಎಳೆದಿದ್ದಾರೆ. ಬ್ಯಾಕ್‌ಸ್ಟ್ರ್ಯಾಪ್ ಹಾಕಿ ತೋರಿಸಲು ಚೀಲ ಒಡೆದಿದ್ದಾರೆ, ಮ್ಯಾಗಜಿನ್ ಮುಟ್ಟಿಲ್ಲ. ಯಾಂತ್ರಿಕವಾಗಿ ಇದರಿಂದ ನಷ್ಟವಿಲ್ಲ.

ನಿಮ್ಮ ಸಮಾಧಾನಕ್ಕೆ ರಿಕಾಯಿಲ್ ಸ್ಪ್ರಿಂಗ್ ಒಂದು ಸಲ ನೋಡಿಬಿಡಿ. ಪಿಸ್ತೂಲು ಖಾಲಿ ಎಂದು ಮತ್ತೆ ಖಚಿತ ಮಾಡಿಕೊಂಡು, ಸುರಕ್ಷಿತ ದಿಕ್ಕಿನಲ್ಲಿ ಟ್ರಿಗರ್ ಒತ್ತಿ, ಒತ್ತಿದಂತೆಯೇ ಹಿಡಿದಿರಿ. ಮೂತಿಯನ್ನು 45 ಡಿಗ್ರಿ ಮೇಲಕ್ಕೆತ್ತಿ, ಸ್ಲೈಡ್ ಪೂರ್ತಿ ಹಿಂದಕ್ಕೆಳೆದು, ಕೈ ಬಿಡದೆ ನಿಧಾನವಾಗಿ ಮುಂದಕ್ಕೆ ಬಿಡಿ. ಸ್ಲೈಡ್ ತಾನಾಗಿಯೇ ಪೂರ್ತಿ ಮುಚ್ಚಿಕೊಳ್ಳಬೇಕು. ನಡುವೆ ನಿಂತರೆ ಸ್ಪ್ರಿಂಗ್ ಸೋತಿದೆ, ಬದಲಾಯಿಸಿಕೊಡಲು ಹೇಳಿ.

ಕಾಗದಪತ್ರ

ಯಂತ್ರಕ್ಕೆ ನಷ್ಟವಿಲ್ಲ ನಿಜ, ಆದರೆ ಗಾಜಿನೊಳಗಿನ ತುಂಡು ಅಂತ ಅವರು ಮೊದಲೇ ಹೇಳಬೇಕಿತ್ತು, ಅದಕ್ಕೆ ಬೆಲೆಯಲ್ಲಿ ಇಳಿಸಬೇಕಿತ್ತು. ಜಗಳಕ್ಕೆ ಹೋಗಬೇಡಿ, "ಬಳಸಿದ್ದು ಮಾರಿದ್ದೀರಿ" ಅಂತಲೂ ಬರೆಯಬೇಡಿ. ನಿಮ್ಮ ಆಧಾರ ಅಷ್ಟು ದೂರ ಬರುವುದಿಲ್ಲ. ಮ್ಯಾನೇಜರ್‌ಗೆ ಇಮೇಲ್ ಹಾಕಿ: ಬಿಲ್ಲಿನ ಪ್ರತಿ, ಸೀರಿಯಲ್, ಹುಡ್ ಮತ್ತು ಗ್ರೀಸಿನ ಹತ್ತಿರದ ಫೋಟೊ, ಒಡೆದ ಚೀಲದ ಫೋಟೊ. ಇದು ಪ್ರದರ್ಶನಕ್ಕೆ ಇಟ್ಟದ್ದೇ ಎಂಬ ನೇರ ಪ್ರಶ್ನೆ, ಹೌದಾದರೆ ವ್ಯತ್ಯಾಸದ ಹಣ ಅಥವಾ ಒಂದು ಹೆಚ್ಚುವರಿ ಮ್ಯಾಗಜಿನ್ ಕೊಡಿ ಎಂಬ ಬೇಡಿಕೆ. ಉತ್ತರ ಬರುವವರೆಗೆ ರೇಂಜಿಗೆ ಒಯ್ಯಬೇಡಿ. ಐವತ್ತು ಗುಂಡು ಹಾರಿಸಿದ ಮೇಲೆ ಈಗ ಕಂಡ ಯಾವ ಗುರುತೂ ಸಾಕ್ಷಿಯಾಗಿ ಉಳಿಯುವುದಿಲ್ಲ.